ಒಂದು ನೂಲು

ಉಪ್ಪಳ್ಳಿ ರಸ್ತೆಯಲ್ಲಿ ನನ್ನದು ಕುಶನ್ ಅಂಗಡಿ.
ಆಟೋ ಸೀಟು, ಟ್ರ್ಯಾಕ್ಟರ್ ಸೀಟು, ಸ್ಪ್ರಿಂಗು ಕಿತ್ತುಬಂದ ಬಸ್ಸಿನ ಸೀಟು,
ಒಮ್ಮೆ ಪೊಲೀಸ್ ಜೀಪಿನದು, ಅದರ ಬಾಕಿ ಇನ್ನೂ ಬರಬೇಕು.
ಇಪ್ಪತ್ತಾರು ವರ್ಷ. ಚಿಕ್ಕಮಗಳೂರು ಹೇಗೆ ಕೂರುತ್ತದೆ ಅಂತ
ನನ್ನನ್ನು ಕೇಳಿ, ಹೇಳುತ್ತೇನೆ.

ಹಲ್ಲಿನ ಡಾಕ್ಟರು ವಾರಿಜಾ
ಎರಡೇ ಬಾಗಿಲಿನ ಕಾರು ತಂದು ನಿಲ್ಲಿಸಿದ ದಿನ
ಎದುರಿನ ಪಂಕ್ಚರ್ ಅಂಗಡಿಯಲ್ಲಿ ಎಲ್ಲರ ಟೀ ಆರಿತು.
ನೆಲಕ್ಕೆ ಗಲ್ಲ ಊರಿಕೊಂಡ ಕಾರು,
ಸೆಕೆಂಡ್ ಹ್ಯಾಂಡು, ಬೂದಿ ಬಣ್ಣ,
ಆಫ್ ಮಾಡಿದ ಮೇಲೂ ಟಿಕ್ ಟಿಕ್ ಎಂದು ಗೊಣಗುವುದು.

"ನೋಡಿ ಜಬೀವುಲ್ಲಾ, ಇದು ಆರಡಿ ಗಂಡಸಿಗೆ ಮಾಡಿದ ಸೀಟು.
ರಸ್ತೆ ಕಂಡರೆ ಕ್ಲಚ್ಚು ಸಿಗಲ್ಲ,
ಕ್ಲಚ್ಚು ಸಿಕ್ಕರೆ ರಸ್ತೆ ಕಾಣಲ್ಲ."
ಹಿಂದೆಯೇ ಲಗೇಜ್ ಆಟೋದಲ್ಲಿ ಪಾರ್ಸಲ್ಲು ಬಂತು:
ಹೊಸ ಬಕೆಟ್ ಸೀಟು, ಚಿಪ್ಪಿನ ಹಾಗೆ ಬರಿದು.

ಬ್ಯಾಟರಿ ತಂತಿ ಬಿಚ್ಚಿ ಹತ್ತು ನಿಮಿಷ ಸುಮ್ಮನಿರಬೇಕು.
ಸೀಟಿನಡಿ ಹಳದಿ ಪ್ಲಗ್ಗಿದೆ, ಅದರಲ್ಲಿ ಏರ್‌ಬ್ಯಾಗಿನ ಸಿಟ್ಟಿದೆ;
ಹುಡುಗ ಕೀರ್ತಿಗೆ ಕೈ ಕಟ್ಟಿ ನಿಲ್ಲು ಅಂದೆ.
ಆಮೇಲೆ ನಾಲ್ಕು ಬೋಲ್ಟು, ಹದಿನಾಲ್ಕರ ಸ್ಪ್ಯಾನರು.
ನಾಲ್ಕನೆಯದು ಒಲ್ಲೆ ಎಂದಿತು.
ಡೀಸೆಲ್ ಕುಡಿಸಿ, ಬೈದು, ಮತ್ತೆ ಕುಡಿಸಿ ಎಬ್ಬಿಸಿದೆವು.
ಹಳೆಯ ಸೀಟಿನ ಕೆಳಗೆ ಯಾವುದೋ ಊರಿನ ಪಾರ್ಕಿಂಗ್ ಚೀಟಿ,
ಒಂದು ಕಡಲೆಬೀಜ.

ಹೊಸದರ ತೂತಿಗೂ ಕಾರಿನ ತೂತಿಗೂ ಎರಡು ಬೆರಳು ಜಗಳ.
ಡಿಮೆಲ್ಲೊ ಐದು ಮಿಲ್ಲಿ ಪ್ಲೇಟು ಬಗ್ಗಿಸಿ ರಾಜಿ ಮಾಡಿಸಿದ.
ಸೀಟು ಕೂತಿತು. ಡಾಕ್ಟರು ಕೂರಬೇಕಲ್ಲ?

ಟೇಪು ನನ್ನ ಕೊರಳಲ್ಲೇ ಇತ್ತು,
ಎಲ್ಲಿಂದ ಎಲ್ಲಿಗೆ ಹಿಡಿಯುವುದು ತಿಳಿಯಲಿಲ್ಲ.
ಅವರಿಗೆ ನನ್ನ ಮುಖ ನೋಡಿಯೇ ತಿಳಿಯಿತು.
ಕ್ಲಿನಿಕ್ಕಿಗೆ ಹೋಗಿ ಒಂದು ಮೂಟೆ ಪ್ಲಾಸ್ಟರು ತಂದರು.
"ಬಾಯಿಗೆ ಮಾಡೋದನ್ನ ಬೆನ್ನಿಗೆ ಮಾಡಿದರಾಯಿತು."
ದಪ್ಪ ಪ್ಲಾಸ್ಟಿಕ್ಕಿನೊಳಗೆ ಹಸಿ ಹಿಟ್ಟು, ಅದರ ಮೇಲೆ ಅವರು,
ಸ್ಟೀರಿಂಗ್ ಹಿಡಿದು, ಪಂಕ್ಚರ್ ಅಂಗಡಿಯನ್ನೇ
ಕೈಮರದ ತಿರುವೆಂಬಂತೆ ದಿಟ್ಟಿಸುತ್ತ.
"ಅಯ್ಯೋ, ಬಿಸಿಯಾಗ್ತಿದೆ ಕಣ್ರೀ!" ಎಂದು ನಕ್ಕರು.
ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ,
ಅವರಿಗೆ ಗೊತ್ತು, ಆದರೂ ನಕ್ಕರು.

ರಾತ್ರಿ ಬಲ್ಬಿನಡಿ ಅಚ್ಚು ಇಟ್ಟುಕೊಂಡು ಕೂತೆ.
ಎಡಗಡೆ ಕುಳಿ ಆಳ, ಬಲಗಡೆ ತೇಲು,
ನಡುವೆ ಬೆನ್ನು, ಗೋಡೆಗೆ ಸರಿಯಾಗಿ ಆನಿಸದ ಏಣಿ.
ಎಷ್ಟು ವರ್ಷ ಎಡಗಾಲ ಮೇಲೆ ನಿಂತು
ಬಲಗಾಲಲ್ಲಿ ಪೆಡಲು ಒತ್ತಿ ಒತ್ತಿ
ನಮ್ಮನ್ನೆಲ್ಲ ಮೆತ್ತನೆಯ ಕುರ್ಚಿಯಲ್ಲಿ ಮಲಗಿಸಿದರೋ.
ನನ್ನ ದವಡೆ ಹಲ್ಲು ಕಿತ್ತದ್ದೂ ಇದೇ ಬೆನ್ನು.
ಆವತ್ತು ನಾನು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದೆ,
ಅವರು ಹೇಗೆ ನಿಂತಿದ್ದಾರೆ ಅಂತ ನೋಡಲಿಲ್ಲ.

ಎಡಕ್ಕೆ ಮೆತ್ತನೆಯ ಫೋಮು, ಬಲಕ್ಕೆ ಗಟ್ಟಿ,
ಸೊಂಟದ ಹತ್ತಿರ ಅಂಗೈ ದಪ್ಪದ ತುಂಡು, ಮೂರು ಸಲ ಕೆತ್ತಿದ್ದು.
ಮೇಲೆ ಕಪ್ಪು ಬಟ್ಟೆ, ಕೆಂಪು ದಾರದ ಜೋಡಿ ಹೊಲಿಗೆ
(ಕೆಂಪು ಬೇಡ ಎಂದೆ, ಕೇಳಲಿಲ್ಲ).
ಮುಚ್ಚುವ ಮೊದಲು ಫೋಮಿನ ಮೇಲೆ ತಾರೀಖು ಬರೆದೆ,
ಆಟೋ ಸೀಟಿಗೂ ಬರೆಯುತ್ತೇನೆ. ಯಾರೂ ಓದಿದ್ದಿಲ್ಲ.

ಭಾನುವಾರ ಕೈಮರದವರೆಗೆ ಹೋಗಿ
ಮುಕ್ಕಾಲು ಗಂಟೆಯಲ್ಲಿ ವಾಪಸ್ ಬಂದರು.
ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವೊಂದು ಆರಿರಲಿಲ್ಲ,
ಹಳೆಯ ಸೀಟೆಲ್ಲಿ, ಹಳೆಯ ಸೀಟೆಲ್ಲಿ ಎಂದು ಕೇಳುತ್ತಲೇ ಇತ್ತು.
ಡಾಕ್ಟರು ಇಳಿಯಲಿಲ್ಲ. ಗಾಜು ಇಳಿಸಿದರು.
ನಾನು ಬಿಲ್ಲು ಹಿಡಿದು ನಿಂತಿದ್ದೆ.
"ಎಲ್ಲಾ ಸರಿ. ಎಡಗಡೆ ಮಾತ್ರ
ಇನ್ನೊಂದು ನೂಲು ಕಮ್ಮಿ ಮಾಡಿ."

ಒಂದು ನೂಲಿಗೆ ಇಡೀ ಹೊಲಿಗೆ ಬಿಚ್ಚಬೇಕು.
ಕೀರ್ತಿ ನನ್ನ ಮುಖ ನೋಡಿದ.
ಮೂಲೆಯ ಅಚ್ಚಿನೊಳಗೆ ಬೆಕ್ಕು ಮಲಗಿತ್ತು,
ಎಡಗಡೆಯ ಕುಳಿಯಲ್ಲಿ, ಅಳತೆ ಕೊಟ್ಟು ಮಾಡಿಸಿದ ಹಾಗೆ.
ಅದನ್ನು ಎಬ್ಬಿಸಿ, ಬೆರಳಿಟ್ಟು ನೋಡಿದೆ.
ಹೌದು. ಒಂದು ನೂಲು.
ಕತ್ತರಿ ಕೊಡೋ ಅಂದೆ.